ಮೂರನೆಯ ನಲ್ಲಿ

ಡಲ್ಲಾಸ್ ಪಕ್ಕದ ಲೂಯಿಸ್‌ವಿಲ್‌ನ ಆ ಮನೆಯ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿರಲಿಲ್ಲ, ಪ್ರಭಾಳ ಫ್ರೀಜರಿಗೆ ಇತ್ತು. ಆಳುದ್ದದ ಬಿಳಿ ಪೆಟ್ಟಿಗೆ. ಮುಚ್ಚಳ ಎತ್ತಿ ಬಗ್ಗಿ ನೋಡಿದರೆ ಕಾಳು ತುಂಬಿಡುವ ಹಗೇವಿನೊಳಗೆ ಇಣುಕಿದ ಹಾಗಾಗುತ್ತಿತ್ತು. ತುರಿದ ತೆಂಗಿನಕಾಯಿ, ಹೋಳಿಗೆಯ ಹೂರಣ, ಸೋಸಿಟ್ಟ ಮೆಂತ್ಯ ಸೊಪ್ಪು, ತವರಿನಿಂದ ಬಂದ ಅಗಸಿ ಹಿಂಡಿ, ಕರಿಬೇವು, ಎಲ್ಲ ಚೀಲ ಚೀಲವಾಗಿ ಕಲ್ಲಿನಂತೆ ಹೆಪ್ಪುಗಟ್ಟಿ ಕೂತಿರುತ್ತಿದ್ದವು. ಡಲ್ಲಾಸಿನಲ್ಲಿ ಗೊತ್ತಿದ್ದವರ ಮನೆಯಲ್ಲಿ ಹಬ್ಬ ಬಂತೆಂದರೆ ಫೋನು ಬರುತ್ತಿತ್ತು: "ಪ್ರಭಾ ಆಂಟಿ, ನಿಮ್ಮ ಹತ್ರ ಹೂರಣ ಇದೆಯಾ?" ಇರುತ್ತಿತ್ತು.

ಆ ಫ್ರೀಜರನ್ನು ಖಾಲಿ ಮಾಡಿಸಿದವನು ಅವಳ ಗಂಡ ವೆಂಕಣ್ಣ. ಅದಕ್ಕೆ ನಲ್ಲಿ ಕೂರಿಸಿ, ತಿರುಗಿಸಿದರೆ ತಣ್ಣನೆಯ ಬಿಯರ್ ಬರುವ ಹಾಗೆ ಮಾಡಬೇಕೆಂಬುದು ಅವನ ಹಟ.

ಈ ಹಟ ಹುಟ್ಟಿದ್ದು ಆಸ್ಟಿನ್‌ನಲ್ಲಿ, ದುಷ್ಯಂತನ ಮನೆಯ ಹಿತ್ತಿಲಲ್ಲಿ. ದುಷ್ಯಂತ್, ಮೋಹನರಾಜ, ವೆಂಕಣ್ಣ ಮೂವರೂ ಅಮೆರಿಕಕ್ಕೆ ಬಂದ ಹೊಸತರಲ್ಲಿ ಲಾಸ್ ಕೊಲಿನಾಸ್‌ನ ಒಂದೇ ಅಪಾರ್ಟ್‌ಮೆಂಟಿನಲ್ಲಿ, ಒಂದೇ ಕುಕ್ಕರಿನ ಅನ್ನ ಉಂಡವರು. ಆಮೇಲೆ ಬೆಂಗಳೂರಿನ ದುಷ್ಯಂತ್ ಆಸ್ಟಿನ್‌ಗೆ ಹೋದ, ಮೈಸೂರಿನ ಮೋಹನರಾಜ ಹ್ಯೂಸ್ಟನ್‌ಗೆ. ಗದಗಿನ ಹತ್ತಿರದ ಹಳ್ಳಿಯ ವೆಂಕಣ್ಣ ಡಲ್ಲಾಸಿನಲ್ಲೇ ಉಳಿದ. ಉದ್ದನೆಯ ವಾರಾಂತ್ಯ ಬಂದರೆ ಮೂವರೂ ಯಾರಾದರೊಬ್ಬರ ಮನೆಯಲ್ಲಿ ಸೇರಬೇಕು, ಕುಡಿಯಬೇಕು. ಅದು ಅವರ ಪದ್ಧತಿ. ಪಕ್ಕದ ಊರು ಫಾರ್ಮರ್ಸ್ ಬ್ರಾಂಚ್‌ನ ಆಫೀಸಿನಲ್ಲಿ ವೆಂಕಣ್ಣ ಮೀಟಿಂಗಿಗೆ ಕೂತರೆ ಬಾಯಿ ಬಿಡುತ್ತಿರಲಿಲ್ಲ; ಊರ ಸರಕಾರಿ ಶಾಲೆಯ ಇಂಗ್ಲಿಷನ್ನು ಆಡಿ ತೋರಿಸಿ ನಗೆಪಾಟಲಾಗುವುದು ಅವನಿಗೆ ಬೇಕಿರಲಿಲ್ಲ. ಆದರೆ ಈ ಇಬ್ಬರ ನಡುವೆ ಅವನೇ ದೊರೆ. ಎಷ್ಟು ಕುಡಿದರೂ ಕಾಲು ತಡವರಿಸದ ಗಂಡಸು. ಅವರು ಅವನಿಗೆ ಇಟ್ಟ ಹೆಸರು ಟ್ಯಾಂಕರ್. ಗಾಜಿನ ಗ್ಲಾಸು ಅವನ ಕೈಗೆ ಆಗದು. ಬಿಯರ್ ಆದರೂ ಊರಿನಿಂದ ತಂದ ಸ್ಟೀಲಿನ ದೊಡ್ಡ ಲೋಟದಲ್ಲೇ ಕುಡಿಯುತ್ತಿದ್ದ. ಅದಕ್ಕೂ ಅವರು ನಗುತ್ತಿದ್ದರು, ಆ ನಗು ಅವನಿಗೆ ಹಿತವಾಗಿತ್ತು.

ದುಷ್ಯಂತ್ ಅವತ್ತು ಫೋನಿನಲ್ಲಿ ವಿಡಿಯೋ ತೋರಿಸಿದ್ದ. ಯಾವನೋ ಹಳೇ ಫ್ರೀಜರಿಗೆ ನಲ್ಲಿ ಹಾಕಿ ಬಿಯರ್ ಸುರಿಯುತ್ತಿದ್ದ.

"ಇದೆಲ್ಲ ನಮ್ಮ ಕೈಲಿ ಆಗಲ್ಲ ಬಿಡು ಗುರು," ಅಂದ ದುಷ್ಯಂತ್.

"ನಿಮ್ಮ ಕೈಲಿ ಆಗಂಗಿಲ್ಲ ಅನ್ನು," ವೆಂಕಣ್ಣ ಮೀಸೆ ಒರೆಸಿಕೊಂಡ. "ನನ್ನ ಗ್ಯಾರೇಜಿನ್ಯಾಗ ನಾ ಮಾಡಿ ತೋರಸ್ತೀನಿ. ಬಂದು ಕುಡದು ಹೋಗ್ರಿ ಮಕ್ಕಳ್ರ್ಯಾ."

ಆಡಿದ ಮಾತು ಪಾರ್ಸೆಲ್ಲಾಗಿ ಮನೆಗೆ ಬಂತು. ಹುಟ್ಟುಹಬ್ಬದ ಉಡುಗೊರೆಯೆಂದು ಅವರಿಬ್ಬರೂ ಹೊಳೆಯುವ ಮೂರು ನಲ್ಲಿಗಳು, ಬಿಯರನ್ನು ನಲ್ಲಿಗೆ ತಳ್ಳುವ ಗ್ಯಾಸ್ ಸಿಲಿಂಡರು, ಕೆಗ್ ಎಂದು ಕರೆಯುವ ಸ್ಟೀಲಿನ ಉದ್ದ ಡಬ್ಬಿಗಳು, ಪೈಪುಗಳು ಎಲ್ಲವನ್ನೂ ಕಳಿಸಿದರು. ಇನ್ನು ಬೇಕಾದದ್ದು ಫ್ರೀಜರ್.

"ನನ್ನ ಫ್ರೀಜರ್ ಮುಟ್ಟಬ್ಯಾಡ್ರಿ," ಅಂದಳು ಪ್ರಭಾ. "ಬ್ಯಾರೆ ತಗೋರಿ."

"ಬ್ಯಾರೇದು ಎಲ್ಲಿ ಇಡ್ಲಿ, ನಿನ್ನ ತಲಿ ಮ್ಯಾಲೆ? ಈ ಮನ್ಯಾಗ ನನಗಂತ ಒಂದು ಡಬ್ಬಿನೂ ಇಲ್ಲೇನು?"

ಮಾತಿಗೆ ಮಾತು ಬೆಳೆಯಿತು. ವೆಂಕಣ್ಣ ಅಲ್ಲಿದ್ದ ಬಕೆಟ್ಟನ್ನು ಒದ್ದ. ಅದು ಗ್ಯಾರೇಜಿನಿಂದ ಹೊರಗೆ ಉರುಳಿ ಎದುರುಮನೆಯ ಹುಲ್ಲಿನ ಮೇಲೆ ನಿಂತಿತು. ಆಮೇಲೆ ಅವನು ಹೆಂಡತಿಯ ಜೊತೆ ಮಾತು ಬಿಟ್ಟ, ಮನೆಯಲ್ಲಿ ಊಟ ಬಿಟ್ಟ. ಕೊನೆಗೆ ಪ್ರಭಾ ಸುಸ್ತಾದಳು. ಒಂದು ಬೆಳಿಗ್ಗೆ ಹಿಂದಿನ ರಸ್ತೆಯ ಅನುಸೂಯಾಳನ್ನು ಕರೆದು, ಚೀಲಗಳನ್ನೆಲ್ಲ ಅವಳ ಮನೆಯ ಫ್ರೀಜರಿಗೆ ಸಾಗಿಸಿದಳು. ಖಾಲಿಯಾದ ಪೆಟ್ಟಿಗೆಯ ಮುಚ್ಚಳ ತೆರೆದಿಟ್ಟು, ಒಳಗಿನ ಹಿಮ ಕರಗಿ ನೀರಾಗಿ ಹರಿಯಲು ಬಿಟ್ಟು ಒಳಗೆ ಹೋದಳು.

ವೆಂಕಣ್ಣ ಗೆದ್ದಿದ್ದ. ವರ್ಷದ ತಪಾಸಣೆಯ ವರದಿ ನೋಡಿ ಡಾಕ್ಟರ್ ಪ್ರಿಯಂವದಾ ಫೋನು ಮಾಡಿ ಅವನನ್ನು ಕ್ಲಿನಿಕ್ಕಿಗೆ ಕರೆಸಿದ್ದು ಆಮೇಲೆ.

ಅವರು ಉಡುಪಿ ಕಡೆಯವರು, ಮಾತು ಮೆತ್ತಗೆ. "ನೋಡಿ ವೆಂಕಣ್ಣ, ನಿಮ್ಮ ಲಿವರಿನಲ್ಲಿ ಕಲೆ ಕಟ್ಲಿಕ್ಕೆ ಶುರುವಾಗಿದೆ. ಈಗ ನಿಲ್ಲಿಸಿದ್ರೆ ಅಲ್ಲಿಗೇ ನಿಲ್ತದೆ. ಇಲ್ಲಾಂದ್ರೆ ಆಮೇಲೆ ನನ್ನ ಹತ್ರ ಬಂದು ಪ್ರಯೋಜನ ಇಲ್ಲ ಮಾರಾಯ್ರೆ."

"ಕಡಿಮಿ ಮಾಡ್ಲೇನ್ರಿ?"

"ಕಡಿಮೆ ಅಲ್ಲ. ಒಂದು ಗುಟುಕೂ ಇಲ್ಲ. ಮನೆಯಲ್ಲಿ ಹೇಳಿ, ಸ್ನೇಹಿತರಿಗೆ ಹೇಳಿ. ಒಬ್ರೇ ಬಿಡ್ತೇನೆ ಅಂದ್ರೆ ಆಗುದಿಲ್ಲ."

ಕ್ಲಿನಿಕ್ಕಿನ ಹೊರಗೆ ಕಾರು ಬಿಸಿಲಿಗೆ ಕಾದು ಬೆಂಕಿಯಾಗಿತ್ತು. ವೆಂಕಣ್ಣ ಎಸಿ ಹಾಕುವುದನ್ನೂ ಮರೆತು ಸ್ಟೀರಿಂಗ್ ಹಿಡಿದು ಕೂತ. ಪ್ರಭಾಳಿಗೆ ಹೇಳುವುದು ಹೇಗೆ? ಹೇಳಿದರೆ ಮೊದಲು ಅಳುತ್ತಾಳೆ, ಆಮೇಲೆ ಕೇಳುತ್ತಾಳೆ: ಹಂಗಾದ್ರ ನನ್ನ ಫ್ರೀಜರ್ ಯಾಕ ಖಾಲಿ ಮಾಡಿಸಿದ್ರಿ? ಬಕೆಟ್ ಒದ್ದು ಗೆದ್ದದ್ದನ್ನು ಅವಳ ಕೈಗೆ ವಾಪಸು ಕೊಡುವುದು ಸಾಯುವುದಕ್ಕಿಂತ ಕಷ್ಟವೆನ್ನಿಸಿತು ಅವನಿಗೆ. ಸಾವು ಇನ್ನೂ ದೂರವಿತ್ತು, ಪ್ರಭಾ ಮನೆಯಲ್ಲೇ ಇದ್ದಳು. ಇನ್ನು ಅವರಿಬ್ಬರಿಗೆ ಹೇಳುವುದು? ಕುಡಿಯದ ಟ್ಯಾಂಕರನ್ನು ಯಾರು ಮಾತಾಡಿಸುತ್ತಾರೆ? ಮೊದಲ ಸಲ ಅಯ್ಯೋ ಅನ್ನುತ್ತಾರೆ. ಎರಡನೆಯ ಸಲ ಇವನ ಮುಂದೆ ಕುಡಿಯಲು ಮುಜುಗರಪಡುತ್ತಾರೆ. ಮೂರನೆಯ ಸಲ ಇವನನ್ನು ಬಿಟ್ಟು ಸೇರುತ್ತಾರೆ. ಆಮೇಲೆ ಉಳಿಯುವುದು ಫಾರ್ಮರ್ಸ್ ಬ್ರಾಂಚ್‌ನ ಮೀಟಿಂಗು ಮಾತ್ರ.

ಅವನು ಯಾರಿಗೂ ಹೇಳಲಿಲ್ಲ. ಮನೆಗೆ ಬಂದು ಗರಗಸ ಹಿಡಿದ.

ಕೆಲಸವೇನೋ ಚೆನ್ನಾಗಿಯೇ ಆಯಿತು. ಫ್ರೀಜರಿನ ಗೋಡೆಗೆ ತೂತು ಕೊರೆಯುವಂತಿಲ್ಲ, ಒಳಗೆ ತಂಪು ಹರಿಯುವ ಕೊಳವೆಗಳಿರುತ್ತವೆ. ಆದ್ದರಿಂದ ಪೆಟ್ಟಿಗೆಗೂ ಮುಚ್ಚಳಕ್ಕೂ ನಡುವೆ ಹಲಗೆಯ ಚೌಕಟ್ಟು ಕೂರಿಸಿ, ಆ ಹಲಗೆಗೆ ತೂತು ಹೊಡೆದು ನಲ್ಲಿ ಹಾಕಬೇಕು. ವೆಂಕಣ್ಣ ಬಾಗಿಲಿಗೆ ಚೌಕಟ್ಟು ಹೊಂದಿಸುವಷ್ಟು ನಿಗಾದಿಂದ ಹಲಗೆ ಕೊಯ್ದ, ಮೂಲೆ ಬಿಗಿದ, ಸಂದಿಗೆ ಅಂಟು ತುಂಬಿದ, ಎರಡು ಸಲ ಬಣ್ಣ ಬಳಿದ. ಫ್ರೀಜರಿನ ವೈರನ್ನು ಗೋಡೆಗೆ ಸಿಕ್ಕಿಸದೆ ಒಂದು ಪುಟ್ಟ ಕಂಟ್ರೋಲರಿಗೆ ಸಿಕ್ಕಿಸಿದ. ಒಳಗೆ ನೀರು ಮಂಜುಗಡ್ಡೆಯಾಗುವಷ್ಟು ಚಳಿ ಏರದಂತೆ ಅದು ಕಾಯುತ್ತದೆ. ಸೆಖೆಗೆ ಅಂಗಿ ಮೈಗಂಟುತ್ತಿತ್ತು. ಒಂದೊಂದು ಮೊಳೆ ಹೊಡೆದಾಗಲೂ ತನ್ನನ್ನೇ ಒಳಗಿಟ್ಟು ಮುಚ್ಚುತ್ತಿದ್ದೇನೆ ಅನ್ನಿಸುತ್ತಿತ್ತು. ಅನ್ನಿಸಿದಾಗ ಇನ್ನೂ ಜೋರಾಗಿ ಹೊಡೆಯುತ್ತಿದ್ದ.

"ಈಗೀಗ ಕುಡಿಯೋದ ಬಿಟ್ಟೀರಲ್ಲ?" ಅಂದಳು ಪ್ರಭಾ ಒಂದು ಸಂಜೆ, ಬಾಗಿಲಲ್ಲಿ ನಿಂತು.

"ನಲ್ಲಿ ಬರೂತನ ಉಪಾಸ ಹಿಡದೇನಿ."

ಅವಳು ನಗಲಿಲ್ಲ. ನಲ್ಲಿಗಳನ್ನು ನೋಡಿದಳು. "ಎರಡು ಬಿಯರಿಗೆ. ಮೂರನೇದು?"

"ಅದು ಸುಮ್ನ, ಇರ್ಲಿ ಅಂತ."

"ಸುಮ್ನ ಯಾಕ? ನನ್ನ ಫ್ರೀಜರ್ ಅದು. ಬಂದ ಹೆಣ್ಣಮಕ್ಕಳಿಗೆ ಅದರಾಗ ಮಜ್ಜಿಗಿ ಬರ್ಲಿ."

ವೆಂಕಣ್ಣನ ಕೈಯಲ್ಲಿದ್ದ ಸ್ಪ್ಯಾನರ್ ನಿಂತುಬಿಟ್ಟಿತು. ಮಜ್ಜಿಗೆ! ಸ್ಟೀಲಿನ ಲೋಟದೊಳಗೆ ಏನಿದೆ ಎಂದು ಯಾರಿಗೆ ಕಾಣುತ್ತದೆ? ನಲ್ಲಿಯ ಮುಂದೆ ಗೆಳೆಯರಿಗೆ ಬೆನ್ನು ಕೊಟ್ಟು ನಿಂತರಾಯಿತು. ಅವರು ಬಿಯರ್ ಕುಡಿಯಲಿ, ತಾನು ಮಜ್ಜಿಗೆ. ಮೀಸೆಗೆ ಹತ್ತುವ ನೊರೆ ಎರಡರದೂ ಬಿಳಿಯೇ. ಈ ಸಲ ದಾಟಿದರೆ ಮುಂದಿನ ಸಲಕ್ಕೆ ಇನ್ನೇನಾದರೂ ಹೊಳೆದೀತು.

"ಆಗ್ಲಿ," ಅಂದ. ಹೆಂಡತಿಯ ಮಾತಿಗೆ ಅಷ್ಟು ಬೇಗ ಆಗಲಿ ಅಂದವನನ್ನು ಪ್ರಭಾ ಸ್ವಲ್ಪ ಹೊತ್ತು ನೋಡುತ್ತಲೇ ನಿಂತಳು.

ಲೇಬರ್ ಡೇ ವಾರಾಂತ್ಯದ ಭಾನುವಾರ ಇಬ್ಬರೂ ಬರುವವರಿದ್ದರು. ಬೆಳಿಗ್ಗೆಯೇ ಪ್ರಭಾ ಮೊಸರು ಕಡೆದು, ತೆಳ್ಳಗೆ ನೀರು ಮಾಡಿ, ಬಟ್ಟೆಯಲ್ಲಿ ಸೋಸಿ ಕೆಗ್ಗಿಗೆ ತುಂಬಿ ಕೊಟ್ಟಳು. "ಪೈಪಿನ್ಯಾಗ ಹೋಗಬೇಕಲ್ಲ, ಅದಕ್ಕ ಬರೇ ಉಪ್ಪು ಹಾಕೇನಿ," ಅಂದಳು. ಅವಳು ಸ್ನಾನಕ್ಕೆ ಹೋದ ಮೇಲೆ ವೆಂಕಣ್ಣ ಒಂದು ಗುಟುಕು ರುಚಿ ನೋಡಿದ. ಆಸ್ಪತ್ರೆಯ ಪಥ್ಯದ ಹಾಗಿತ್ತು. ಅವನಿಗೆ ರೇಗಿತು. ಇನ್ನು ಸಾಯುವ ತನಕ ಇದೇ ಏನು ತನಗೆ? ಬಿಯರೂ ಇಲ್ಲ, ಮಜ್ಜಿಗೆಗೆ ಒಗ್ಗರಣೆಯೂ ಇಲ್ಲವೆ? ದಡದಡ ಅಡಿಗೆಮನೆಗೆ ನಡೆದ. ಬಾಣಲಿ ಕಾಯಿಸಿ ಸಾಸಿವೆ, ಜೀರಿಗೆ, ಹಸಿಮೆಣಸಿನಕಾಯಿ, ಮುಷ್ಟಿ ತುಂಬ ಕರಿಬೇವು, ಇಂಗು ಹಾಕಿ ಚಟಪಟ ಅನ್ನಿಸಿ, ಎಲ್ಲವನ್ನೂ ತಂದು ಕೆಗ್ಗಿಗೆ ಸುರಿದ. ಮುಚ್ಚಳ ಬಿಗಿದು ಗ್ಯಾಸು ಬಿಟ್ಟ. ಇಂಥ ಡಬ್ಬಿ ಕಟ್ಟಿದವನಿಗೆ ಪೈಪು ಎಷ್ಟು ಸಣ್ಣದೆಂದು ಗೊತ್ತಿರಲಿಲ್ಲವೆ? ಗೊತ್ತಿತ್ತು. ಸಿಟ್ಟಿನಲ್ಲಿ ನೆನಪಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ದುಷ್ಯಂತ್ ಎರಡು ಕೆಗ್ ತುಂಬ ಬಿಯರ್ ಹೊತ್ತು ಬಂದ. ಹ್ಯೂಸ್ಟನ್‌ನಿಂದ ಮೋಹನರಾಜ ಹೆಂಡತಿಯ ಜೊತೆ ಬಂದಿಳಿದ. ಹೆಂಗಸರು ಒಳಗೆ ಹೋದರು, ಗಂಡಸರು ಗ್ಯಾರೇಜಿಗೆ.

"ಲೋ ಟ್ಯಾಂಕರ್! ಏನಯ್ಯಾ ಇದು, ಬಾಗಿಲು ಮಾಡೋ ಆಚಾರಿ ಥರ ಮಾಡಿಬಿಟ್ಟಿದ್ದೀಯಲ್ಲೋ!" ಮೋಹನರಾಜ ಹಲಗೆಯ ಮೇಲೆ ಕೈಯಾಡಿಸಿದ. ಅವನು ಗಟ್ಟಿ ದನಿಯ, ದೊಡ್ಡ ಹೊಟ್ಟೆಯ, ಕಣ್ಣಲ್ಲಿ ಬೇಗ ನೀರು ಬರುವ ಮನುಷ್ಯ.

"ಹೇಳ್ಲಿಲ್ವಾ ನಾನು, ಮಗಂದು ಕೈ ಚಿನ್ನ ಅಂತ," ದುಷ್ಯಂತ್ ಕೆಗ್ಗುಗಳನ್ನು ಒಳಗಿಳಿಸಿ ಪೈಪು ಜೋಡಿಸಿದ. "ಹೊಸ ನಲ್ಲಿದು ಮೊದಲನೇ ಲೋಟ ಕಟ್ಟಿದೋನಿಗೆ. ಒಂದೇ ಉಸಿರು. ಹೊಡಿ!"

ವೆಂಕಣ್ಣ ಲೋಟ ಹಿಡಿದು, ಅಗಲ ಬೆನ್ನನ್ನು ಅವರಿಗೆ ತಿರುಗಿಸಿ, ಮೂರನೆಯ ನಲ್ಲಿ ಎಳೆದ. ಬುಸ್ ಎಂದು ಬಂತು. ತುಂಬಿ ಎತ್ತಿ ಗಟಗಟ ಕುಡಿದ. ಗ್ಯಾಸು ಸೇರಿದ ಮಜ್ಜಿಗೆ ಮೂಗಿಗೇರಿ ಕಣ್ಣಲ್ಲಿ ನೀರು ಬಂತು. ಅವರು ಚಪ್ಪಾಳೆ ತಟ್ಟಿದರು.

"ಹೆಂಗಿದೆ?"

"ಅಮೃತ," ಅಂದ ವೆಂಕಣ್ಣ ತೇಗುತ್ತ.

ಮೋಹನರಾಜ ಗಾಳಿ ಮೂಸಿದ. "ಇಂಗಿನ ವಾಸನೆ ಬರ್ತಿದೆ ಕಣೋ."

"ಒಳಗ ಪ್ರಭಾ ಬಜ್ಜಿ ಕರ್ಯಾಕತ್ತಾಳ."

"ಬಜ್ಜಿಗೆ ಇಂಗು ಹಾಕ್ತಾರಾ ನಿಮ್ಮ ಕಡೆ?"

"ನಮ್ಮ ಕಡೆ ಎಲ್ಲಾದಕ್ಕೂ ಹಾಕ್ತೀವಿ. ಕುಡಿ ನೀ ಸುಮ್ನ."

ಅವರು ಕುಡಿದರು. ಲಾಸ್ ಕೊಲಿನಾಸ್‌ನ ಹಳೆಯ ಕುಕ್ಕರಿನ ಮಾತು ಬಂತು, ಅದರ ಸೀಟಿ ಹಾರಿ ಹೊಗೆಯ ಅಲಾರಾಂ ಹೊಡೆದುಕೊಂಡ ಮಾತು ಬಂತು. ವೆಂಕಣ್ಣನೂ ನಕ್ಕ. ಎರಡನೆಯ ಲೋಟವನ್ನೂ ಬೆನ್ನು ಕೊಟ್ಟೇ ತುಂಬಿಕೊಂಡ. ನಡೆಯುತ್ತದೆ, ಇದು ನಡೆದುಹೋಗುತ್ತದೆ ಅಂದುಕೊಂಡ. ಮೂರನೆಯ ಸಲ ನಲ್ಲಿ ಎಳೆದಾಗ ಅದು ಒಮ್ಮೆ ಉಗುಳಿತು, ಸಿಳ್ಳೆ ಹಾಕಿತು, ನಿಂತಿತು.

ಇನ್ನೊಮ್ಮೆ ಎಳೆದ. ಏನೂ ಇಲ್ಲ. ಲೋಟದ ತಳದಲ್ಲಿ ಒಂದು ಗುಟುಕಿನಷ್ಟು ಮಾತ್ರ ಬಿದ್ದಿತ್ತು.

"ರೀ, ಈ ಜಗ್ಗಿಗೆ ಮಜ್ಜಿಗಿ ತುಂಬಿ ಕೊಡ್ರಿ," ಒಳಗಿನಿಂದ ಪ್ರಭಾಳ ದನಿ.

"ತಡಿ, ನಲ್ಲಿ ಕಟ್ಟೇತಿ!" ಕೂಗಿದ ದನಿಯಲ್ಲಿ ಮಜ್ಜಿಗೆಗೆ ಸಲ್ಲದ ಗಾಬರಿ ಇತ್ತು. ದುಷ್ಯಂತ್ ಎದ್ದು ಬಂದ.

"ಮಜ್ಜಿಗೆ ತಾನೆ, ಆಮೇಲೆ ನೋಡ್ಕೊಳ್ಳೋಣ. ನಿಂದೂ ಖಾಲಿ ಆಗಿದೆಯಲ್ಲ, ಕೊಡಿಲ್ಲಿ." ಲೋಟ ಕಿತ್ತುಕೊಂಡವನೇ ಮೊದಲನೆಯ ನಲ್ಲಿಯಿಂದ ಬಿಯರ್ ತುಂಬಿ, ನೊರೆ ಸುರಿಯುತ್ತಿದ್ದ ಲೋಟವನ್ನು ವೆಂಕಣ್ಣನ ಕೈಗೆ ತುರುಕಿದ.

ಲೋಟ ತಣ್ಣಗಿತ್ತು. ವಾಸನೆ ಮೂಗಿಗೆ ಬಡಿಯಿತು. ವೆಂಕಣ್ಣ ಇಷ್ಟು ದಿನ ಅವರಿಗೆ ಹೆದರಿದ್ದ, ಹೆಂಡತಿಗೆ ಹೆದರಿದ್ದ; ತನ್ನ ಗಂಟಲಿಗೆ ಹೆದರಬೇಕೆಂದು ಹೊಳೆದಿರಲಿಲ್ಲ. ಬಾಯಲ್ಲಿ ನೀರೂರಿತು. ಒಂದೇ ಲೋಟ, ಒಂದರಿಂದ ಏನಾಗುತ್ತದೆ, ಅಂದಿತು ಒಳಗಿನಿಂದ ಏನೋ. ಅವನ ಕೈ ತಾನಾಗಿ ಮೇಲಕ್ಕೆದ್ದಿತು. ಲೋಟ ಬಾಯಿಗೆ ತಗಲುವ ಮೊದಲು ಮೋಹನರಾಜ ಅಂದ:

"ತಡಿ ತಡಿ. ಏನೋ ಅದು?"

ನೊರೆಯ ಮೇಲೆ ಕರಿಬೇವಿನ ಎಲೆಯೊಂದು ತೇಲುತ್ತಿತ್ತು. ಅದರ ಸುತ್ತ ನಾಲ್ಕಾರು ಸಾಸಿವೆ ಕಾಳು.

ಮೋಹನರಾಜ ಬಗ್ಗಿ ನೋಡಿದ, ಮೂಸಿದ, ಮೂರನೆಯ ನಲ್ಲಿಯತ್ತ ನೋಡಿದ. ಅವನ ಮುಖದ ನಗು ಒಂದೊಂದೇ ಮಡಿಕೆಯಾಗಿ ಇಳಿಯಿತು. "ನೀನು ಆಗಿಂದ ಮಜ್ಜಿಗೆ ಕುಡೀತಿದ್ದೀಯಾ?"

"ಏ ಹೋಗಲೇ..."

"ಮಗಾ, ನಿಜವಾಗ್ಲೂನಾ?" ದುಷ್ಯಂತ್ ಜೋರಾಗಿ ನಕ್ಕ. "ಟ್ಯಾಂಕರಲ್ಲಿ ಮಜ್ಜಿಗೆ! ಲೋ, ಇದನ್ನ ಗ್ರೂಪಲ್ಲಿ ಹಾಕ್ಬೇಕು ತಡಿ," ಎಂದು ಫೋನು ತೆಗೆದ.

ಮೋಹನರಾಜ ನಗಲಿಲ್ಲ. ಅವನಿಗೆ ನಿಜವಾಗಿಯೂ ನೋವಾಗಿತ್ತು. "ನಗೋ ವಿಷಯ ಅಲ್ಲ ಕಣೋ ಇದು. ನಾವು ಕುಡಿದು ಬಾಯಿಗೆ ಬಂದಿದ್ದು ಮಾತಾಡೋದು, ಇವನು ಮಜ್ಜಿಗೆ ಕುಡ್ಕೊಂಡು ನಮ್ಮನ್ನ ನೋಡ್ತಾ ಕೂರೋದು. ನಾವೇನು ಕೋತಿಗಳಾ? ಹ್ಯೂಸ್ಟನ್‌ನಿಂದ ಬಂದಿದ್ದೀನಿ ನಾನು. ನಮ್ಮ ಜೊತೆ ಕುಡಿಯೋಕೆ ನಿನಗೆ ಇಷ್ಟ ಇಲ್ಲದಿದ್ರೆ ಹೇಳು, ಈಗ್ಲೇ ಹೋಗ್ತೀನಿ. ಇಲ್ಲ ಅಂದ್ರೆ ಅದನ್ನ ಎತ್ತು, ಕುಡಿ. ನನ್ನ ಕಣ್ಣ ಮುಂದೆ."

ವೆಂಕಣ್ಣ ಲೋಟ ನೋಡಿದ. ಹಿಂದೆ ಫ್ರೀಜರು, ಮುಂದೆ ಇವರು, ಪಕ್ಕದಲ್ಲಿ ಮನೆಯ ಬಾಗಿಲು. ಹೊರಗೆ ಬಿಸಿಲು ಸುಡುತ್ತಿದ್ದುದರಿಂದ ಗ್ಯಾರೇಜಿನ ದೊಡ್ಡ ಬಾಗಿಲನ್ನು ಅವನೇ ಇಳಿಸಿದ್ದ. ಒಂದು ಸುಳ್ಳು ಹುಡುಕಿದ, ಸಿಗಲಿಲ್ಲ. ಇನ್ನೊಂದು ಹುಡುಕಿದ. ಅಷ್ಟರಲ್ಲಿ ಮೋಹನರಾಜ ಬಂದು ಲೋಟವನ್ನು ಹಿಡಿದು ಅವನ ಬಾಯತ್ತ ಒತ್ತಿದ. ತುಟಿಗೆ ತಣ್ಣಗೆ ನೊರೆ ತಾಗಿತು.

ಆಗ ಬಕೆಟ್ ಒದ್ದ ಸಿಟ್ಟೇ ಮತ್ತೆ ಎದ್ದಿತು. ವೆಂಕಣ್ಣ ಲೋಟವನ್ನು ಗೋಡೆಗೆ ಬೀಸಿ ಒಗೆದ. ಠಣ್ ಎಂದು ಬಡಿದು ಬಿಯರ್ ಚೆಲ್ಲಿತು.

"ನನ್ನ ಲಿವರ್ ಹೋಗಾಕತ್ತೈತಿ! ತಿಳೀತೇನು? ಇನ್ನೊಂದು ಗುಟುಕು ಕುಡದ್ರ ಸಾಯ್ತೀನಿ ಅಂದಾಳ ಡಾಕ್ಟರು! ಕುಡಸ್ತೀಯೇನು? ಕುಡಸು, ಬಾ! ನೋಡ್ತೀನಿ!"

ಫ್ರೀಜರಿನ ಮೋಟರು ಅದೇ ಹೊತ್ತಿಗೆ ಗುರ್ ಎಂದು ಶುರುವಾಯಿತು. ದುಷ್ಯಂತ್ ಕೈಯಲ್ಲಿದ್ದ ಫೋನನ್ನು ಮೆಲ್ಲಗೆ ಜೇಬಿಗಿಟ್ಟ. ಮೋಹನರಾಜನ ಕೈ ಲೋಟ ಹಿಡಿದಿದ್ದ ಜಾಗದಲ್ಲೇ ಗಾಳಿಯಲ್ಲಿ ಉಳಿದಿತ್ತು.

ವೆಂಕಣ್ಣ ತಿರುಗಿದ. ಬಾಗಿಲಲ್ಲಿ ಬಜ್ಜಿಯ ತಟ್ಟೆ ಹಿಡಿದು ಪ್ರಭಾ ನಿಂತಿದ್ದಳು.

ಅವಳು ಅಳಲಿಲ್ಲ. ಹಾಗಾಗಬಹುದೆಂದು ವೆಂಕಣ್ಣ ಎಣಿಸಿರಲಿಲ್ಲ. ಅತ್ತರೆ ಏನು ಹೇಳಬೇಕೆಂದು ಕಾರಿನಲ್ಲಿ ಕೂತ ದಿನವೇ ಯೋಚಿಸಿಟ್ಟಿದ್ದ. ಅವಳು ತಟ್ಟೆಯನ್ನು ಸ್ಟೂಲಿನ ಮೇಲಿಟ್ಟಳು.

"ಯಾವಾಗ ಅಂದ್ರು?"

"ನಿನ್ನ ಚೀಲ ಸಾಗಿಸಿದ ಮ್ಯಾಲೆ."

"ಆಮ್ಯಾಲೆ ಇದನ್ನ ಕಟ್ಟಿದ್ರಿ."

ಅವನು ತಲೆಯಾಡಿಸಿದ.

"ಗೊತ್ತಿದ್ದೂ ಕಟ್ಟಿದ್ರಿ. ನನಗ ಸೋಲಬಾರ್ದು ಅಂತ."

ಮೋಹನರಾಜನ ಕಣ್ಣು ಆಗಲೇ ತುಂಬಿತ್ತು. "ಅತ್ತಿಗೆ, ನಮಗೆ ಗೊತ್ತಿರಲಿಲ್ಲ, ದೇವರಾಣೆಗೂ..." ಅಂದ. ಅವಳು ಅವನತ್ತ ನೋಡಲೂ ಇಲ್ಲ. ನೇರವಾಗಿ ಹೋಗಿ, ಕಂಟ್ರೋಲರಿನಿಂದ ಫ್ರೀಜರಿನ ವೈರನ್ನು ಕಿತ್ತು, ಗೋಡೆಗೆ ಸಿಕ್ಕಿಸಿದಳು.

"ಅಯ್ಯೋ ಅತ್ತಿಗೆ, ಹಾಗೆ ಮಾಡಿದ್ರೆ ಬಿಯರ್ ಗಟ್ಟಿಯಾಗಿ ಹೋಗುತ್ತೆ," ಅಂದುಬಿಟ್ಟ ದುಷ್ಯಂತ್, ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

"ಹಂಗಂದ್ರ ತಗದು ನಿಮ್ಮ ಕಾರಿನ್ಯಾಗ ಇಟ್ಕೋರಿ," ಅಂದಳು ಪ್ರಭಾ. "ನಾಳೆ ಅನುಸೂಯಾ ಮನಿಯಿಂದ ನನ್ನ ಚೀಲ ಬರ್ತಾವ. ಬಜ್ಜಿ ಆರಾಕತ್ತಾವ, ತಿನ್ರಿ."

ಗೆಳೆಯರು ಅವತ್ತೇ ಹೊರಡಲಿಲ್ಲ. ಹೊರಟಿದ್ದರೆ ವೆಂಕಣ್ಣನಿಗೆ ಹಗುರಾಗುತ್ತಿತ್ತು. ಬಿಯರಿನ ಕೆಗ್ಗುಗಳನ್ನು ಕಾರಿಗೆ ಹೊತ್ತು ಹಾಕಿ, ವಾಪಸು ಬಂದು, ಅವನ ಎರಡೂ ಪಕ್ಕ ಕುರ್ಚಿ ಎಳೆದು ಕೂತರು. ಮೋಹನರಾಜ ಅವನ ಮೊಣಕಾಲ ಮೇಲೆ ಕೈಯಿಟ್ಟುಕೊಂಡೇ ಕೂತ. ಏನು ಮಾತಾಡಬೇಕೆಂದು ತಿಳಿಯದೆ ಬಜ್ಜಿ ಚೆನ್ನಾಗಿದೆ ಅಂದರು, ಎರಡು ಸಲ ಅಂದರು. ಕುಕ್ಕರಿನ ಮಾತು ಮತ್ತೆ ಬರಲಿಲ್ಲ. ವೆಂಕಣ್ಣ ಎದ್ದು ನಿಂತರೆ ಇಬ್ಬರೂ ಎದ್ದು ನಿಲ್ಲುತ್ತಿದ್ದರು.

"ಕೂಡ್ರಿ ಸುಮ್ನ, ಬಚ್ಚಲಕ್ಕ ಹೊಂಟೇನಿ!" ಎಂದು ಅವನು ಒದರಿದಾಗ ದುಷ್ಯಂತ್‌ಗೆ ಒಂದು ಕ್ಷಣ ನಗು ಬಂತು, ಮೋಹನರಾಜನಿಗೂ ಬಂತು. ಅವತ್ತು ಅಷ್ಟೇ ದಕ್ಕಿದ್ದು.

ಮರುದಿನ ಅವರು ಹೋದ ಮೇಲೆ ಅನುಸೂಯಾಳ ಕಾರು ಬಂತು. ಪ್ರಭಾ ಚೀಲಗಳನ್ನು ಒಂದೊಂದಾಗಿ ಇಳಿಸಿದಳು. ವೆಂಕಣ್ಣ ಕೈ ಚಾಚಿದರೆ ಕೊಡಲಿಲ್ಲ. ಹಲಗೆಯ ಚೌಕಟ್ಟು ಬಿಚ್ಚಲೇನು ಎಂದು ಕೇಳಿದ. ಚೌಕಟ್ಟಿನಿಂದ ಪೆಟ್ಟಿಗೆ ಒಂದು ಗೇಣು ಎತ್ತರವಾಗಿತ್ತು. ಆ ಗೇಣಿನಲ್ಲೂ ಅವಳು ತೆಂಗಿನಕಾಯಿ ಚೀಲಗಳನ್ನು ಒತ್ತಿ ತುಂಬಿದಳು. ಮೂರು ನಲ್ಲಿಗಳು ಹೊರಗೆ ಹಾಗೇ ನಿಂತಿದ್ದವು.

ಅವಳು ಮಾತು ಬಿಟ್ಟಿದ್ದಳು. ಅವನು ಬಿಟ್ಟಿದ್ದು ಅವಳಿಗೆ ನೆನಪಿತ್ತು. ಅದಕ್ಕಿಂತ ಹೆಚ್ಚು ದಿನ ನಡೆಯುವ ಹಾಗೆ ಕಾಣುತ್ತಿತ್ತು. ಆದರೆ ಊಟ ಬಿಡಲಿಲ್ಲ, ಬಿಡಿಸಲಿಲ್ಲ. ಮಧ್ಯಾಹ್ನ ತಾಟಿನ ಪಕ್ಕದಲ್ಲಿ, ಗೋಡೆಗೆ ಬಡಿದು ತಗ್ಗು ಬಿದ್ದ ಅದೇ ಸ್ಟೀಲಿನ ಲೋಟದಲ್ಲಿ ಮಜ್ಜಿಗೆ ತಂದಿಟ್ಟಳು. ಒಗ್ಗರಣೆ ಇರಲಿಲ್ಲ. ಈ ಸಲ ಉಪ್ಪೂ ಇರಲಿಲ್ಲ.

ವೆಂಕಣ್ಣ ಲೋಟ ನೋಡಿದ, ಹೆಂಡತಿಯನ್ನು ನೋಡಿದ. ಲೋಟ ಎತ್ತಿ ಬಾಯಿಗಿಟ್ಟ. ಅವಳು ಎದುರಿಗೆ ಕೂತು, ಅವನು ಕೊನೆಯ ಗುಟುಕು ಮುಗಿಸುವ ತನಕ ಕಣ್ಣು ಕೀಳಲಿಲ್ಲ.